ಬೆರಳಿಗೆ ಶಾಯಿ, ಕಾಲಿಗೆ ಚೆಂಡು

ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ನಸುಕಿನಲ್ಲಿ ಹೋದರೆ ಸಕ್ಕರೆ ಕಾಯಿಲೆಗೆ ಹೆದರಿ ಸುತ್ತು ಹಾಕುವವರೂ ಸಿಗುತ್ತಾರೆ, ಫುಟ್‌ಬಾಲ್ ಆಡುವ ಕಾಲೇಜು ಹುಡುಗರೂ ಸಿಗುತ್ತಾರೆ. ಏಮ್ಸ್ ಹೋರಾಟದ ಟೆಂಟೂ ಅಲ್ಲೇ ಇತ್ತು. ರಾಯಚೂರಿಗೆ ಏಮ್ಸ್ ಕೊಡಿ ಎಂದು ಜನ ಅಲ್ಲಿ ಧರಣಿ ಕೂತದ್ದು 2022ರ ಮೇ 13ರಂದು. ನಾನು ಹೇಳುತ್ತಿರುವುದು 2024ರ ಮೇ ತಿಂಗಳ ಮಾತು, ಲೋಕಸಭೆ ಚುನಾವಣೆಗೆ ಒಂದೇ ದಿನ ಬಾಕಿ ಇದ್ದಾಗಿನದು. ಧರಣಿಗೆ ಎರಡು ವರ್ಷ ತುಂಬಲು ವಾರವಿತ್ತು.

ಈ ಹಟಕ್ಕೆ ಹಿನ್ನೆಲೆ ಇದೆ. ಐಐಟಿ ನಮಗೆ ಬರುತ್ತದೆಂದು ಕಾದೆವು, ಅದು ಧಾರವಾಡಕ್ಕೆ ಹೋಯಿತು. 2016ರಲ್ಲಿ ಅಲ್ಲಿ ಪಾಠವೂ ಶುರುವಾಯಿತು. ನಮಗೆ 2019ರಲ್ಲಿ ಐಐಐಟಿ ಸಿಕ್ಕಿತು. ಒಂದು ಅಕ್ಷರ ಹೆಚ್ಚೇ ಕೊಟ್ಟಿದ್ದಾರಲ್ಲ ಎಂದು ಊರಿನವರು ನಗುತ್ತಾರೆ. ಅದಾದ ಮೇಲೆ ಏಮ್ಸ್ ಆದರೂ ಬರಲಿ ಎಂಬ ಮಾತು ಎದ್ದಿತು.

ಅವತ್ತು ಹುಡುಗನೊಬ್ಬ ಒದ್ದ ಚೆಂಡು ಗೋಲ್ ಪೋಸ್ಟಿನ ಮೇಲಿಂದ ಹಾರಿ ಟೆಂಟಿನ ಕಂಬಕ್ಕೆ ಬಡಿಯಿತು. ಒಳಗೆ ಪೇಪರ್ ಓದುತ್ತಿದ್ದ ಹಿರಿಯರೊಬ್ಬರು ಎದ್ದು ಬಂದು ಅದನ್ನು ವಾಪಸ್ ಒದ್ದರು. ಚೆಂಡು ತರಲು ಓಡಿ ಬಂದು ಎಡವಿದ ಹುಡುಗನಿಗೆ, "ಏ ತಮ್ಮಾ, ಹಗೂರ. ಏಮ್ಸ್ ಬಂದ ಮ್ಯಾಲೆ ಬೇಕಾದಂಗ ಕಾಲು ಮುರಕೊಳ್ರಿ, ಈಗ ಬ್ಯಾಡ" ಅಂದರು. ಹುಡುಗರು ನಕ್ಕರು. ಹಿರಿಯರು ನಗಲಿಲ್ಲ. ಪೇಪರ್ ಮಡಚಿಟ್ಟು ಕೂತರು.

ಫುಟ್‌ಬಾಲ್ ನಮ್ಮ ಕಡೆಯ ಆಟವಲ್ಲ, ನಮ್ಮದೇನಿದ್ದರೂ ಕಬಡ್ಡಿ, ವಾಲಿಬಾಲ್ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ತೀನ್ ಕಂದೀಲ್ ಹತ್ತಿರ ನನ್ನ ಬಟ್ಟೆ ಹೊಲಿಯುವ ಟೇಲರ್ ಸಾಹೇಬರು ಒಪ್ಪುವುದಿಲ್ಲ. "ನಾವು ಹೈದರಾಬಾದ್ ಸ್ಟೇಟಿನವ್ರು ಸರ. ನಮ್ಮ ಅಬ್ಬಾ ಪೊಲೀಸ್ ಟೀಮಿನ ಹೆಸರು ಹೇಳಿದ್ರ ಎದ್ದು ನಿಲ್ತಿದ್ರು" ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆ. ಆ ರಾಜ್ಯದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತ್ತು. ಆಡಿಸುತ್ತಿದ್ದವರು ಸೈಯದ್ ಅಬ್ದುಲ್ ರಹೀಂ, ಮೊದಲು ಶಾಲೆಯಲ್ಲಿ ಮಾಸ್ತರರಾಗಿದ್ದವರು. ಭಾರತ ತಂಡವನ್ನು ಕಟ್ಟಿದವರೂ ಅವರೇ. ಅವರ ಕಥೆಯ ‘ಮೈದಾನ್’ ಎಂಬ ಹಿಂದಿ ಸಿನಿಮಾ ಅದೇ ಏಪ್ರಿಲ್‌ನಲ್ಲಿ ಬಂದಿತ್ತು. ಸಾಹೇಬರು ಅದನ್ನು ನೋಡಿರಲಿಲ್ಲ. ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ ತುಣುಕು ನೋಡಿ, "ಅಜಯ್ ದೇವಗನ್ ಭಾಳ ದಪ್ಪ ಆಗ್ಯಾನ" ಎಂದಷ್ಟೇ ತೀರ್ಪು ಕೊಟ್ಟರು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾಕ್ಕೆ 1–10ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ನಾಲ್ಕು ವರ್ಷದ ಮೇಲೆ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಹೊಡೆದು ಸೆಮಿಫೈನಲ್‌ಗೆ ಬಂದರು. ನೆವಿಲ್ ಡಿಸೋಜಾ ಆ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ, ಈ ಸಲ 1–4. ಅಂದರೆ ಆಗಲೂ ಸೋಲೇ. ಆದರೆ ಹತ್ತು ಗೋಲು ತಿಂದವರು ನಾಲ್ಕಕ್ಕೆ ಇಳಿಸಿದ್ದರು. ನವೆಂಬರ್ ಮೊದಲ ದಿನ ರಾಯಚೂರಿನವರು ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯದವರಾದರು, ಡಿಸೆಂಬರ್ ಮೊದಲ ದಿನ ರಹೀಮರ ತಂಡ ಆಸ್ಟ್ರೇಲಿಯಾವನ್ನು ಗೆದ್ದಿತು, 1957ರ ಆರಂಭದಲ್ಲಿ ಜಿಲ್ಲೆಯ ಜನ ಹೊಸ ರಾಜ್ಯದ ವಿಧಾನಸಭೆಗೆ ಮೊದಲ ಮತ ಹಾಕಿದರು. ರಾಜ್ಯ ಬದಲಾದ ಆ ಚಳಿಗಾಲದಲ್ಲಿ ಸಾಹೇಬರ ಅಬ್ಬಾ ಯಾವ ಊರಿನ ತಂಡವನ್ನು ನಮ್ಮದು ಎನ್ನುತ್ತಿದ್ದರೋ, ಅದನ್ನು ಕೇಳುವುದು ನನಗೆ ಹೊಳೆಯಲಿಲ್ಲ.

ಮೇ 6ರ ಮಧ್ಯಾಹ್ನ ಮಸ್ಟರಿಂಗ್ ಕೇಂದ್ರದ ಮುಂದೆ ಬಸ್ಸುಗಳ ಸಾಲು. ಶಾಮಿಯಾನದ ಕೆಳಗೆ ಮೇಷ್ಟ್ರುಗಳು, ಗುಮಾಸ್ತರು, ಅಂಗನವಾಡಿಯವರು ಮತಯಂತ್ರದ ಪೆಟ್ಟಿಗೆ ತಬ್ಬಿಕೊಂಡು ಕೂತಿದ್ದರು. ರಾಯಚೂರಿನ ಮೇ ಬಿಸಿಲು ಗೊತ್ತಿದ್ದವರಿಗೆ ಶಾಮಿಯಾನದ ಪ್ರಯೋಜನವೂ ಗೊತ್ತು. ಸಾರಿಗೆ ಬಸ್ಸುಗಳಲ್ಲಿ ಬಹಳಷ್ಟು ಚುನಾವಣೆ ಕೆಲಸಕ್ಕೆ ಹೋಗಿದ್ದರಿಂದ ಬಸ್ ನಿಲ್ದಾಣದಲ್ಲಿ ಜನ ಇದ್ದರು, ಬಸ್ ಇರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೇ ನನ್ನ ಮತ ಹಾಕಿದೆ. ಮತಗಟ್ಟೆಗೆ ಹೋಗುವ ದಾರಿಯಲ್ಲಿ ಕೋಟೆ ಸಿಗುತ್ತದೆ. ಅದರ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿನ ಚಪ್ಪಡಿಯಿದೆ, 1294ರ ಶಾಸನ. ಕೋಟೆ ಕಟ್ಟಿಸಿದ ಗೋರೆ ಗನ್ನಯ್ಯ ರೆಡ್ಡಿಯ ಹೆಸರು ಅದರಲ್ಲಿದೆ. ಆ ಕಲ್ಲನ್ನು ಗಾಡಿಯ ಮೇಲೆ ಎಳೆದು ತಂದವರ ಹೆಸರಿಲ್ಲ, ಎಳೆಯುವ ಚಿತ್ರವನ್ನು ಮಾತ್ರ ಪಕ್ಕದಲ್ಲಿ ಕೊರೆದಿದ್ದಾರೆ. ಮತಗಟ್ಟೆಯೊಳಗೆ ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಆ ಏಳು ಸೆಕೆಂಡನ್ನೂ ಪೂರ್ತಿ ನಿಂತು ನೋಡುವುದು ನನ್ನ ಅಭ್ಯಾಸ. ಅವಸರದ ಅಧಿಕಾರಿಗಳು ಕೆಮ್ಮುತ್ತಾರೆ. ಕೆಮ್ಮಲಿ.

ಆಮೇಲೆ ದೇವದುರ್ಗಕ್ಕೆ ಹೊರಟ ಕ್ರೂಸರ್ ಗಾಡಿಯಲ್ಲಿ ಡ್ರೈವರ್ ಪಕ್ಕ ಅರ್ಧ ಸೀಟು ಸಿಕ್ಕಿತು. ಉಳಿದವರೆಲ್ಲ ಬೆಳಗಿನ ಜಾವದ ರೈಲಿಗೆ ಬೆಂಗಳೂರಿಂದ ಬಂದು ಇಳಿದವರು. ಗುಳೆ ಹೋದ ಜನ. ಗಂಡಸರು ಸೆಂಟ್ರಿಂಗ್, ಹೆಂಗಸರು ಗಾರೆ ಕೆಲಸ, ಮಕ್ಕಳು ಶೆಡ್ಡಿನ ಮುಂದೆ ಉಸುಕಿನ ಗುಡ್ಡೆಯ ಮೇಲೆ. ಕಲಮಲಾ ದಾಟಿ ಗಬ್ಬೂರಿನ ಕಡೆ ತಿರುಗಿದಾಗ ಎರಡೂ ಬದಿ ಹತ್ತಿ ಕಟ್ಟಿಗೆ ಕಿತ್ತ ಕರಿ ಹೊಲ. ಹಳೆಯ ಗುಡಿಗಳೂ ಶಾಸನಗಳೂ ತುಂಬಿರುವ ಊರು ಗಬ್ಬೂರು. ಗಾಡಿ ಅಲ್ಲಿ ನಿಂತದ್ದು ಮಾತ್ರ ಮಂಡಾಳ ವಗ್ಗರಣಿ, ಮಿರ್ಚಿಗಾಗಿ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ದೇವದುರ್ಗ ತಾಲ್ಲೂಕಿನ ಒಂದಷ್ಟು ನೆಲ ಹಸಿರಾಗಿದೆ. ಕಾಲುವೆಯ ನೀರು ಹೋಗದ ಹೊಲದವರು ಬೆಂಗಳೂರು, ಪುಣೆ, ಹೈದರಾಬಾದಿಗೆ ಹೋಗುತ್ತಾರೆ.

ನನ್ನ ಹಿಂದೆ ಕೂತಿದ್ದ ಹೆಣ್ಣುಮಗಳ ತೊಡೆಯ ಮೇಲೆ ಮಗು ನಿದ್ದೆ ಹೋಗಿತ್ತು.

"ಎಷ್ಟು ದಿನ ಇರ್ತೀರಿ ಯವ್ವಾ ಊರಾಗ?"

"ಎಲ್ಲಿ ದಿನ್ರೀ ಯಪ್ಪಾ. ಓಟ್ ಹಾಕಿ, ರಾತ್ರಿ ಗಾಡಿಗೆ ವಾಪಸ್. ನಾಳಿ ಬಿಟ್ಟು ನಾಡದ ಸ್ಲ್ಯಾಬ್ ಐತಿ."

"ಖರ್ಚು ಯಾರು ಕೊಟ್ರು?"

ಆಕೆ ಉತ್ತರಿಸಲಿಲ್ಲ. ಮೂಲೆಯಲ್ಲಿದ್ದ ಮೇಸ್ತ್ರಿ ನಕ್ಕ: "ಕೊಡೋರು ಕೊಡ್ತಾರ್ರಿ. ಬರಾಕ ಅಷ್ಟ. ಹೋಗಾಕ ನಮ್ಮ ಕಿಸೆದಾಗಿಂದ."

ಎಲ್ಲ ಪಕ್ಷದವರೂ ಇದನ್ನು ಮಾಡುತ್ತಾರೆಂಬುದು ಈ ಕಡೆ ಗುಟ್ಟಲ್ಲ. ಹಾಗೆಂದು ಇವರು ದುಡ್ಡಿಗೆ ಬರುವವರು ಎಂದು ಕೈತೊಳೆದುಕೊಳ್ಳುವ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ದಿನದ ಕೂಲಿ ಬಿಟ್ಟು, ನಾನೂರು ಕಿಲೋಮೀಟರಿಗೂ ಮಿಕ್ಕ ದಾರಿ ನಿಂತುಕೊಂಡೇ ಬಂದು, ವಾಪಸ್ ಹೋಗುವ ಟಿಕೆಟನ್ನು ತಾವೇ ಕೊಂಡರೆ ಲೆಕ್ಕ ಹೇಗೂ ಲುಕ್ಸಾನೇ. ಅಷ್ಟಿದ್ದೂ ಯಾಕೆ ಬರುತ್ತೀರಿ ಎಂದು ಆಕೆಯನ್ನೇ ಕೇಳಿದೆ. ದೇಶ, ಹಕ್ಕು, ಪ್ರಜಾಪ್ರಭುತ್ವ ಯಾವುದೂ ಆಕೆಯ ಬಾಯಲ್ಲಿ ಬರಲಿಲ್ಲ. "ಲಿಸ್ಟಿನ್ಯಾಗ ಹೆಸರು ಐತಲ್ರೀ. ಬರ್ಲಿಲ್ಲ ಅಂದ್ರ ಸತ್ತಾರ ಅಂತ ತೆಗದುಬಿಡ್ತಾರ" ಅಂದಳು.

ದೇವದುರ್ಗ ತಾಲ್ಲೂಕಿನ ಒಂದು ಊರಿನಲ್ಲಿ ಅವರೆಲ್ಲ ಇಳಿದರು. ನಾನೂ ಇಳಿದೆ. ಶಾಲೆಯ ಮತಗಟ್ಟೆಯಿಂದ ದೂರ, ಬೇವಿನ ಮರದ ಕೆಳಗೆ ಪಕ್ಷದವರ ಮೇಜುಗಳು. ಚೀಟಿ ಬರೆದು ಕೊಡುವ ಹುಡುಗರಿಗೆ ನೀರು ಕುಡಿಯಲೂ ಪುರಸೊತ್ತಿಲ್ಲ. ಒಂದು ಗಂಟೆಯ ಮೇಲೆ ಆ ಹೆಣ್ಣುಮಗಳು ಮತ ಹಾಕಿ ಹೊರಬಂದು ಎಡಗೈ ತೋರ್ಬೆರಳನ್ನು ನನ್ನ ಮುಂದೆ ಹಿಡಿದಳು. ಸಿಮೆಂಟು ತಿಂದು ತಿಂದು ಬೆರಳ ತುದಿಯ ಗೆರೆಗಳು ಅಳಿಸಿಹೋಗಿದ್ದವು. ಉಗುರಿನ ಬುಡದಲ್ಲಿ ಸೀಳು. ಶಾಯಿ ಮೇಲ್ಮೈಯಲ್ಲಿ ನಿಲ್ಲದೆ ಸೀಳಿನೊಳಗೆ ಇಳಿದು ಕಪ್ಪು ಗೆರೆಯಾಗಿತ್ತು. ಒಳಗಿದ್ದ ಮೇಷ್ಟ್ರು ಬಟ್ಟೆಯಿಂದ ಎರಡು ಸಲ ಒರೆಸಿ ಮತ್ತೆ ಹಚ್ಚಿದರಂತೆ.

"ಸೊಸೈಟಿ ಅಂಗಡ್ಯಾಗ ಈ ಥಂಬು ಹತ್ತಂಗಿಲ್ರಿ" ಎಂದು ಆಕೆ ಹೆಬ್ಬೆರಳನ್ನೂ ತೋರಿಸಿದಳು. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಬೆರಳಿನ ಗೆರೆ ಬೇಕು. ಗೆರೆ ಇಲ್ಲದವರಿಗೆ ನಾಳೆ ಬಾ, ಕೈ ತೊಳೆದು ಬಾ, ಎಣ್ಣೆ ಹಚ್ಚಿ ಬಾ. ಮತಗಟ್ಟೆಯಲ್ಲಿ ಅದೇ ಕೈಯನ್ನು ಒಬ್ಬ ಮನುಷ್ಯ ಹಿಡಿದು, ಒರೆಸಿ, ಗುರುತು ಹಾಕುತ್ತಾನೆ. ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯಲ್ಲಿ ತಯಾರಾಗುವ, ಸಿಲ್ವರ್ ನೈಟ್ರೇಟ್ ಬೆರೆತ ಆ ಶಾಯಿ 1962ರ ಸಾರ್ವತ್ರಿಕ ಚುನಾವಣೆಯಿಂದ ದೇಶದ ಬೆರಳುಗಳಿಗೆ ಬೀಳುತ್ತಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಶುರುವಾದ ಕಾರ್ಖಾನೆ ಅದು. ಒಬ್ಬ ಎರಡು ಸಲ ಮತ ಹಾಕದಿರಲಿ ಎಂದು ಅದನ್ನು ಹಚ್ಚುತ್ತಾರೆ. ದೇವದುರ್ಗದ ಬಿಸಿಲಲ್ಲಿ ಅದಕ್ಕೆ ಇನ್ನೊಂದು ಉಪಯೋಗ ಕಂಡಿತು. ತಾನು ಸತ್ತಿಲ್ಲ ಎಂಬುದಕ್ಕೆ ಆಕೆಗೆ ಸಿಗುವ ರಸೀದಿ ಅದು.

ಅದಕ್ಕೆ ಹತ್ತು ಹನ್ನೊಂದು ದಿನ ಮುಂಚೆ, ಏಪ್ರಿಲ್ 26ರಂದು, ಬೆಂಗಳೂರಿನಲ್ಲಿ ಮತದಾನವಾಗಿತ್ತು. ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ನೂರಕ್ಕೆ 53ರ ಆಸುಪಾಸು. ಈ ಹೆಣ್ಣುಮಗಳು ಗಾರೆ ಹೊತ್ತು ಕಟ್ಟಿದ ಅಪಾರ್ಟ್‌ಮೆಂಟಿನವರಿಗೆ ಮತಗಟ್ಟೆ ಎದುರು ರಸ್ತೆಯಲ್ಲೇ ಇದ್ದೀತು. ಅವರ ಸೋಮಾರಿತನವನ್ನು ಬೈಯುವ ಲೇಖನಗಳು ಪ್ರತಿ ಚುನಾವಣೆಗೂ ಬರುತ್ತವೆ, ನಾನು ಇನ್ನೊಂದು ಬರೆಯುವುದಿಲ್ಲ. ಮತ ಹಾಕದಿದ್ದರೂ ತಮ್ಮನ್ನು ಯಾರೂ ಪಟ್ಟಿಯಿಂದ ಅಳಿಸುವುದಿಲ್ಲ ಎಂಬ ಧೈರ್ಯ ಅವರಿಗಿದೆ. ಅಳಿಸಿದರೂ ನಡೆಯುತ್ತದೆ. ಈಕೆಗೆ ನಡೆಯುವುದಿಲ್ಲ. ದೇಶದ ಮೇಲಿನ ಭರವಸೆ ಎಂದು ನಾವು ಭಾಷಣದಲ್ಲಿ ಹೇಳುವುದು ಇಂಥವರ ಬದುಕಿನಲ್ಲಿ ಹಾಜರಿ ಹಾಕುವ ಹಟವಾಗಿ ಕಾಣುತ್ತದೆ. ಸಿಕ್ಕದ್ದರ ಮೇಲೆ ಕಟ್ಟಿದ ಭರವಸೆ ಅದಲ್ಲ. ಸಿಕ್ಕದ್ದು ಕಡಿಮೆಯೇ.

ಮಾನ್ವಿಯಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಚುನಾವಣೆಯ ಆ ಸಲ ಅಲ್ಲಿಗೆ ಹೋಗಲಾಗಲಿಲ್ಲ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಅವನಿಗೆ ಫೋನ್ ಮಾಡಿದೆ. ಅವನು ಅಲ್ಲಿ ಕಾಲೇಜು ಮೇಷ್ಟ್ರು, ಮನೆಯಲ್ಲಿ ಭತ್ತದ ಗದ್ದೆ. ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರಿನವರು ಉಂಡ ಮೇಲೆ ಮಾನ್ವಿಗೆ ಬರಬೇಕು. ತುಂಬಿದ ಡ್ಯಾಮಿದ್ದಾಗಲೇ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯುತ್ತಾರೆ. ಡ್ಯಾಮು ಖಾಲಿಯಾದರೆ? "ಈಗ ನಮ್ಮೂರಾಗ ಯಾರೂ ಕ್ರಿಕೆಟ್ ನೋಡವಲ್ರು, ಎಲ್ಲಾರೂ ಗೇಟ್ ನೋಡಾಕತ್ಯಾರ" ಎಂದ. ಕನ್ನಯ್ಯ ನಾಯ್ಡು ಎಂಬ ಹಿರಿಯ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, ವಾರದೊಳಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಇಳಿಸಿದರು. ಮಳೆಯೂ ಕೈಬಿಡಲಿಲ್ಲ. ಗೆಳೆಯನ ಗದ್ದೆ ಉಳಿಯಿತು.

ಡಿಸೆಂಬರ್‌ನಲ್ಲಿ ಅವನು ಕರೆದ. ತಮ್ಮ ಹುಡುಗರಿಗೂ ರಾಯಚೂರಿನ ಒಂದು ಕಾಲೇಜಿನವರಿಗೂ ಫುಟ್‌ಬಾಲ್ ಪಂದ್ಯ, ಅಂತರ ಕಾಲೇಜು ಸ್ಪರ್ಧೆಯಲ್ಲ, ಸ್ನೇಹಕ್ಕೆ ಆಡುವುದು. ಕಲ್ಲೂರು, ನೀರಮಾನ್ವಿ ದಾಟಿ ಬಸ್ಸಿಳಿದೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರು ಮಾನ್ವಿ. ಬಸ್ ನಿಲ್ದಾಣದಲ್ಲಿ ಆ ಹೊತ್ತಿಗೆ ಕೇಳುತ್ತಿದ್ದದ್ದು ಭತ್ತದ ದರದ ಮಾತೊಂದೇ.

ಪಂದ್ಯ ಒಂದು ಸರ್ಕಾರಿ ಶಾಲೆಯ ಬಯಲಿನಲ್ಲಿ. ಒಂದು ಬದಿಗೆ ಹೊಸ ಕೊಠಡಿಗಳಿಗೆ ಬುನಾದಿ ತೋಡಿ ಬಿಟ್ಟಿದ್ದರು. ಆ ಮೂಲೆಯಿಂದ ಕಾರ್ನರ್ ಹೊಡೆಯುವ ಹುಡುಗ ಬುನಾದಿಯೊಳಗಿಂದ ಓಡಿ ಬಂದು ಒದೆಯಬೇಕು. ಗೋಲ್ ಪೋಸ್ಟಿಗೆ ಬೊಂಬು. ಮಾನ್ವಿ ತಂಡದವರಲ್ಲಿ ಎಲ್ಲರಿಗೂ ಬೂಟಿರಲಿಲ್ಲ. ಒಬ್ಬನನ್ನು ಇಳಿಸಿ ಇನ್ನೊಬ್ಬನನ್ನು ಹತ್ತಿಸುವಾಗ ಗೆರೆಯ ಹತ್ತಿರ ಕೂತು ಒಬ್ಬ ಬಿಚ್ಚುತ್ತಿದ್ದ, ಇನ್ನೊಬ್ಬ ತೊಡುತ್ತಿದ್ದ. ಅಳತೆ ದೊಡ್ಡದಾದರೆ ಮುಂದೆ ಬಟ್ಟೆ ತುರುಕುತ್ತಿದ್ದರು. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡೇ ಕಾಯುತ್ತಿದ್ದರು. ಯಾರೂ ಇದನ್ನು ವಿಶೇಷವೆಂದು ನೋಡಲಿಲ್ಲ.

ಗೋಲ್‌ಕೀಪರ್ ಬಿ.ಎ. ಮೊದಲ ವರ್ಷದ ಹುಡುಗ, ಕಡ್ಡಿಯಂಥ ಮೈ, ಕೈ ಮಾತ್ರ ದೊಡ್ಡವು. ಮೊದಲ ಅರ್ಧದಲ್ಲಿ ಎರಡು ಮೂರು ಚೆಂಡನ್ನು ಹಾರಿ ಹಿಡಿದದ್ದು ನೋಡಿ, ಹಾಫ್ ಟೈಮಿನಲ್ಲಿ ಹತ್ತಿರ ಹೋದೆ.

"ಎಲ್ಲಿ ಕಲ್ತಿ ತಮ್ಮಾ?"

"ಎಲ್ಲೂ ಇಲ್ರಿ ಸರ. ಸೂಟಿಯಾಗ ಬೆಂಗಳೂರಿಗೆ ಹೋಗ್ತೀನ್ರಿ, ಅವ್ವ ಅಪ್ಪ ಅಲ್ಲೇ ಅದಾರ. ಕೆಳಗಿನವ್ರು ಒಗದ ಇಟ್ಟಂಗಿ ಮ್ಯಾಲೆ ನಿಂತು ಹಿಡಿಯೋದು ನನ್ನ ಕೆಲಸ. ಇದು ಮೆತ್ತಗ ಅದರಿ."

ಮೇ ತಿಂಗಳಲ್ಲಿ ಅವನೂ ಮತ ಹಾಕಿದ್ದ, ಮೊದಲ ಸಲ. ಅವ್ವ ಅಪ್ಪನ ಜೊತೆ ಬಂದು, ಹಾಕಿ, ಅದೇ ರಾತ್ರಿ ಇಟ್ಟಂಗಿಗೆ ವಾಪಸ್ ಹೋಗಿದ್ದ. ಮುಂದೇನು ಎಂದರೆ ಪೊಲೀಸ್ ಕಾನ್‌ಸ್ಟೆಬಲ್ ಅಂದ. ಕಲಂ 371ಜೆ ಪ್ರಮಾಣಪತ್ರ ಮಾಡಿಸಿ ಇಟ್ಟುಕೊಂಡಿದ್ದಾನೆ. 2012ರಲ್ಲಿ ಸಂಸತ್ತು ಒಪ್ಪಿದ ಆ ತಿದ್ದುಪಡಿಯಿಂದ ಈ ಭಾಗದ ಮಕ್ಕಳಿಗೆ ಸೀಟಿನಲ್ಲಿ, ನೌಕರಿಯಲ್ಲಿ ಪಾಲು ಸಿಗುತ್ತಿದೆ. ದಶಕಗಳ ಹೋರಾಟ ಈಗ ಲ್ಯಾಮಿನೇಟ್ ಮಾಡಿದ ಒಂದು ಹಾಳೆಯಾಗಿ ಹುಡುಗರ ಟ್ರಂಕಿನಲ್ಲಿದೆ. ಭರವಸೆ ಏನಾದರೂ ಕೈಗೆ ಸಿಕ್ಕಿದ್ದರೆ ಇದೊಂದೇ ಎನ್ನಬಹುದು.

ಭಾರತದ ತಂಡದ ಮಾತು ಎತ್ತಿದ್ದೇ ತಡ, ಸುತ್ತಲಿನ ಹುಡುಗರೆಲ್ಲ ಮೇಲೆ ಬಿದ್ದರು. ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಮೇಲೆ ಗೋಲಿಲ್ಲದ ಡ್ರಾ ಆಡಿ ಸುನಿಲ್ ಛೆಟ್ರಿ ವಿದಾಯ ಹೇಳಿದ್ದು, ಐದು ದಿನದ ಮೇಲೆ ಕತಾರ್ ಮೇಲೆ 1–2ರಿಂದ ಸೋತು ವಿಶ್ವಕಪ್ ಅರ್ಹತೆಯ ಬಾಗಿಲು ಮುಚ್ಚಿದ್ದು, ಎಲ್ಲ ಅವರಿಗೆ ಬಾಯಿಪಾಠ. "ಬಾಲ್ ಲೈನಿಂದ ಹೊರಗ ಹೋಗಿತ್ತು ಸರ! ಹೊರಗ ಹೋದದ್ದ ಎಳದು ಗೋಲ್ ಮಾಡಿದ್ರ ರೆಫರಿ ಕೊಟ್ಟುಬಿಟ್ಟ!" ಆರು ತಿಂಗಳಾದರೂ ಸಿಟ್ಟು ಇಳಿದಿರಲಿಲ್ಲ. ಆ ಪಂದ್ಯಕ್ಕೆ ವಿಡಿಯೊ ರೆಫರಿ ಇರಲಿಲ್ಲ. 48 ತಂಡಗಳ ವಿಶ್ವಕಪ್ಪಿಗೂ ಭಾರತವಿಲ್ಲ. ಆದರೂ ಛೆಟ್ರಿಯ 11 ನಂಬರಿನ ಅಂಗಿ ಆ ಬಯಲಿನಲ್ಲಿ ಎರಡಿದ್ದವು. ಅದರಲ್ಲೊಂದಕ್ಕೆ ಹಿಂದೆ ಹೆಸರನ್ನು ಕನ್ನಡದಲ್ಲಿ ಬರೆಸಿದ್ದರು.

ಮಾನ್ವಿಯವರು ಸೋತರು, 0–3. ಹಿಂದಿನ ವರ್ಷ ಆರು ಗೋಲು ತಿಂದಿದ್ದರಂತೆ. ಅರ್ಧಕ್ಕೆ ಇಳಿಸಿದೆವು ಎಂದು ಹುಡುಗರು ಖುಷಿಯಲ್ಲಿದ್ದರು. ನಾನು ಹೆಲ್ಸಿಂಕಿ, ಮೆಲ್ಬರ್ನ್ ಎಂದು ಬಾಯಿ ತೆರೆಯುವಷ್ಟರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಪಕ್ಕಕ್ಕೆ ಕರೆದು, "ಹಂಗೇನಿಲ್ರಿ, ಅವರ ಫಾರ್ವರ್ಡ್ ಹುಡುಗಗ ಜ್ವರ ಬಂದಿತ್ತು, ಬಂದಿದ್ದಿಲ್ಲ" ಅಂದರು. ಹುಡುಗರಿಗೆ ನಾವಿಬ್ಬರೂ ಅದನ್ನು ಹೇಳಲಿಲ್ಲ.

ಬುನಾದಿ ತೋಡಿ ಎಷ್ಟು ದಿನವಾಯಿತು ಎಂದು ನಿರ್ದೇಶಕರನ್ನು ಕೇಳಿದೆ. ವರ್ಷದ ಮೇಲಾಗಿದೆ, ಕೆಲಸ ನಿಂತಿದೆ, ಮುಚ್ಚುವವರೂ ಇಲ್ಲ, ಕಟ್ಟುವವರೂ ಇಲ್ಲ ಎಂದರು. ಕೊಠಡಿ ಬೇಕು, ಅದಕ್ಕೆ ತಕರಾರಿಲ್ಲ. ನಾಲ್ಕು ಮೊಳ ಆಚೆ ಕಟ್ಟಿದ್ದರೆ ಆಟದ ಬಯಲೂ ಉಳಿಯುತ್ತಿತ್ತು ಎಂಬುದಷ್ಟೇ ಅವರ ಮಾತು. ಯಾರಿಗಾದರೂ ಹೇಳಿದಿರಾ ಎಂದೆ.

"ಮೊದಲಾದ್ರ ಜಿಲ್ಲಾ ಪಂಚಾಯಿತಿ ಮೆಂಬರ್ ಅಂತ ಒಬ್ಬ ಇರ್ತಿದ್ದ, ಮದುವಿ ಮುಂಜಿಯಾಗ ಸಿಗ್ತಿದ್ದ, ಹಿಡಿದು ಕೇಳ್ತಿದ್ವಿ. ಈಗ ಯಾರಿಗೆ ಕೇಳ್ತೀರಿ?"

ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಅದಕ್ಕೆ ಮುಂಚೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಗೆದ್ದವರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಚುನಾವಣೆ ಮುಂದೆ ಹೋಗುತ್ತಲೇ ಬಂತು, ಅಷ್ಟೂ ಕಾಲ ಅಧಿಕಾರಿಗಳೇ ಆಡಳಿತಗಾರರು. ಸರ್ಕಾರಗಳು ಬದಲಾದವು, ಈ ವಿಷಯದಲ್ಲಿ ಯಾರಿಗೂ ಅವಸರ ಕಾಣಲಿಲ್ಲ. ನಾನೂರು ಕಿಲೋಮೀಟರ್ ದೂರದಿಂದ ಒಂದು ಹಗಲಿಗಾಗಿ ಬಂದು ಮತ ಹಾಕುವ ಜನಕ್ಕೆ, ತಮ್ಮೂರ ಶಾಲೆಯ ಬುನಾದಿಯನ್ನು ಪ್ರಶ್ನಿಸಬಲ್ಲ ಒಬ್ಬ ಸದಸ್ಯನನ್ನು ಆರಿಸುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಮತದಾರರ ದಿನ ಎಂದು ಜನವರಿ 25ರಂದು ಕಾಲೇಜುಗಳಲ್ಲಿ ಪ್ರತಿಜ್ಞೆ ಬೋಧಿಸುವವರು ಇದಕ್ಕೂ ಉತ್ತರ ಹೇಳಬೇಕು.

ಕೊನೆಯ ಜಿಲ್ಲಾ ಪಂಚಾಯಿತಿ ಚುನಾವಣೆ ನಡೆದಾಗ ಆ ಗೋಲ್‌ಕೀಪರ್ ಹುಡುಗ ನಾಲ್ಕನೇ ಕ್ಲಾಸಿನಲ್ಲಿದ್ದ.